ಕಾರಿಗೆ ಕಟ್ಟಿದ ಬಾಳೆಗೊನೆ

ನನ್ನ ಕಾರಿನ ಬಾನೆಟ್ಟಿನ ಮೇಲೆ, ಎಡಗಡೆ ದೀಪದ ಪಕ್ಕದಲ್ಲಿ, ಅಂಗೈ ಅಗಲದ ಒಂದು ಕಲೆಯಿದೆ. ಕಾರು ಬಿಳಿ, ಕಲೆ ಕಂದು. ಹಾಗಾಗಿ ಅದು ಯಾರಿಗೂ ಕಾಣುವುದಿಲ್ಲ ಎಂದು ನನ್ನನ್ನು ನಾನು ನಂಬಿಸಿಕೊಳ್ಳುವ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಬಕೆಟ್ಟು, ಹಳೇ ಬನಿಯನ್ನು ಹಿಡಿದು ಕಾರು ತೊಳೆಯಲು ನಿಂತರೆ ದಾರಿಯಲ್ಲಿ ಹೋಗುವವರು ಒಂದೊಂದು ಮದ್ದು ಹೇಳುತ್ತಾರೆ. ಒಬ್ಬರು ಸೀಮೆಎಣ್ಣೆ ಅಂದರು, ಇನ್ನೊಬ್ಬರು ಟೂತ್‌ಪೇಸ್ಟು ಅಂದರು. ಎದುರುಮನೆಯ ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಲು ಹೇಳಿದರು. ಅವರ ಲೆಕ್ಕದಲ್ಲಿ ಕಾರೂ ಒಂದು ಹಿತ್ತಾಳೆ ಚೊಂಬೇ. ನಾನು ಎಲ್ಲರಿಗೂ "ಆಗಲಿ" ಎನ್ನುತ್ತೇನೆ, ಕಲೆಯನ್ನು ಬಿಟ್ಟು ಉಳಿದದ್ದನ್ನು ತೊಳೆಯುತ್ತೇನೆ.

ಅದು ಹೊಗೆಸೊಪ್ಪಿನ ಹೂವಿನ ಅಂಟು. ಕಾರಿಗೆ ಹೊಗೆಸೊಪ್ಪಿನ ಹೂವು ಯಾರು ಕಟ್ಟುತ್ತಾರೆ ಎಂದು ನೀವು ಕೇಳಬಹುದು. ನಾನೇ ಕಟ್ಟಿದ್ದು. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ನೇರವಾಗಿ ಹೇಳಿ ನನಗೆ ಅಭ್ಯಾಸವೂ ಇಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ನಾನು ಸಾಲಿಗ್ರಾಮದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನಮ್ಮ ಕಡೆ ಡ್ರಾಯಿಂಗ್ ಮೇಷ್ಟ್ರು ಎಂದರೆ ಚಂದ ಕಾಣಬೇಕಾದ ಕೆಲಸಗಳಿಗೆಲ್ಲ ಹುಟ್ಟಿದವನು ಎಂದು ಅರ್ಥ. ನಾಟಕದ ಪರದೆ ಬರೆಯಲು, ಗಣಪತಿ ಪೆಂಡಾಲಿಗೆ ಹಿಮಾಲಯ ಮಾಡಲು, ಸತ್ತವರ ಫೋಟೋದಲ್ಲಿ ಅಳಿಸಿಹೋದ ಹುಬ್ಬು ತೀಡಲು, ಎಲ್ಲಕ್ಕೂ ಕರೆಯುತ್ತಿದ್ದರು. ಹಾಗೆಯೇ ಮದುವೆ ಕಾರಿಗೂ. "ಮೇಷ್ಟ್ರೇ, ನಾಳಿಕ್ಕೆ ಕಾರ್ ಕಟ್ಬೇಕು" ಎಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು. ಎಷ್ಟು ಕಾರು ಕಟ್ಟಿದೆನೋ ನೆನಪಿಲ್ಲ. ಆ ಜೋಡಿಗಳಲ್ಲಿ ಕೆಲವರ ಮಕ್ಕಳು ಆಮೇಲೆ ನನ್ನ ಕ್ಲಾಸಿಗೇ ಬಂದು ಹೂಜಿಯನ್ನು ಸೊಟ್ಟಗೆ ಬರೆದರು.

ನನ್ನ ಮೊದಲ ಪಾಠ ಆದದ್ದು ಕಾರಿನಲ್ಲಲ್ಲ, ಗಾಡಿಯಲ್ಲಿ. ನಾನು ಚಿಕ್ಕವನಿದ್ದಾಗ ಮಿರ್ಲೆಯಲ್ಲಿ ನಮ್ಮ ತಾತನ ಕಮಾನುಗಾಡಿಯಲ್ಲೇ ಊರಿನ ಮದುಮಕ್ಕಳು ಹೋಗುತ್ತಿದ್ದರು. ಒಳಗೆ ಹುಲ್ಲು ಹರಡಿ, ಮೇಲೆ ಜಮಖಾನ ಹಾಸಿ, ಕಮಾನಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದರು. ಕೊಂಬಿಗೆ ಹಚ್ಚುವ ಬಣ್ಣ ಕದಡುವುದು ನನ್ನ ಕೆಲಸ. ಎತ್ತಿನ ಕೊಂಬಿಗಿಂತ ನನ್ನ ಮೂಗಿಗೇ ಹೆಚ್ಚು ಬಣ್ಣ ಹತ್ತುತ್ತಿತ್ತು. ಒಂದು ಸಲ ಎರಡೂ ಎತ್ತುಗಳ ಕೊರಳಿಗೆ ಸೇವಂತಿಗೆ ಹಾರ ಹಾಕಿ, ಎಲ್ಲರೂ ಊಟಕ್ಕೆ ಕೂತೆವು. ಎದ್ದು ಬರುವಷ್ಟರಲ್ಲಿ ಎಡಗಡೆ ಎತ್ತು ಬಲಗಡೆ ಎತ್ತಿನ ಹಾರ ತಿಂದು ಮುಗಿಸಿತ್ತು. ಬಲಗಡೆಯದು ಪಾಪದ್ದು, ನೂಲಿನ ಹಗ್ಗ ಮಾತ್ರ ಹಾಕಿಕೊಂಡು ನಿಂತಿತ್ತು. ತಾತ ಬೈಯಲಿಲ್ಲ. "ತಿನ್ನೋದ್ನ ಕಟ್ಟುದ್ರೆ ತಿನ್ದೆ ಇದ್ದಾವಾ?" ಅಂದ. ಆ ಮಾತನ್ನು ನಾನು ನೆನಪಿಟ್ಟುಕೊಳ್ಳಬೇಕಿತ್ತು.

ಆಮೇಲೆ ಟ್ರ್ಯಾಕ್ಟರು ಬಂತು, ಬಾಡಿಗೆ ಅಂಬಾಸಡರ್ ಬಂತು. ನನ್ನ ಮದುವೆಯ ಹೊತ್ತಿಗೆ ಬಲೂನಿನ ಕಾಲ. ನನ್ನ ಸ್ನೇಹಿತರು ಕಾರಿನ ತುಂಬ ಬಲೂನು ಕಟ್ಟಿ ಬಿಸಿಲಲ್ಲಿ ನಿಲ್ಲಿಸಿದ್ದರು. ಕೆ.ಆರ್. ನಗರ ದಾಟುವಷ್ಟರಲ್ಲಿ ಒಂದೊಂದೇ ಒಡೆಯಲು ಶುರುವಾಯಿತು. ಒಂದೊಂದು ಒಡೆದಾಗಲೂ ನನ್ನ ಹೆಂಡತಿ ಬೆಚ್ಚಿಬಿದ್ದು ನನ್ನ ತೋಳು ಹಿಡಿದುಕೊಳ್ಳುತ್ತಿದ್ದಳು. ನಾನು ಧೈರ್ಯವಂತನ ಹಾಗೆ ಕೂತಿದ್ದೆ. ಬಲೂನು ಮುಗಿದ ಮೇಲೆ ತೋಳು ಬಿಟ್ಟಳು.

ಈಗ ಆ ಕೆಲಸವೆಲ್ಲ ಅಂಗಡಿಯವರದು. ಮೈಸೂರಿನಿಂದ ಇಬ್ಬರು ಬರುತ್ತಾರೆ, ಬುಟ್ಟಿಯಿಂದ ಪ್ಲಾಸ್ಟಿಕ್ ಗುಲಾಬಿಯ ಚಾಪೆ ತೆಗೆದು ಬಾನೆಟ್ಟಿಗೆ ಹೊದಿಸುತ್ತಾರೆ, ಸಂಜೆಗೆ ಬಂದು ಸುತ್ತಿಕೊಂಡು ಹೋಗುತ್ತಾರೆ. ಅದೇ ಗುಲಾಬಿ ಸೋಮವಾರ ಪಿರಿಯಾಪಟ್ಟಣದಲ್ಲಿ, ಬುಧವಾರ ಎಚ್.ಡಿ. ಕೋಟೆಯಲ್ಲಿ. ಬಾಡುವುದಿಲ್ಲ, ಉದುರುವುದಿಲ್ಲ. ನನಗೇನೂ ಬೇಜಾರಿಲ್ಲ, ಬೆನ್ನುನೋವು ಕಡಿಮೆಯಾಯಿತು. ಬೇಜಾರು ಆದದ್ದು ನಮ್ಮಣ್ಣನಿಗೆ.

ನಮ್ಮಣ್ಣ ಮಿರ್ಲೆಯಲ್ಲೇ ಇದ್ದಾನೆ. ನಾಲೆ ನೀರಿನ ಗದ್ದೆ, ಸ್ವಲ್ಪ ಕಬ್ಬು, ಸ್ವಲ್ಪ ಬಾಳೆ. ಒಬ್ಬಳೇ ಮಗಳು, ಕಾವ್ಯ. ಅವಳಿಗೆ ಗಂಡು ಗೊತ್ತಾದದ್ದು ವೀರನಹೊಸಹಳ್ಳಿ ಪಕ್ಕದ ಒಂದು ಊರಿನಲ್ಲಿ. ಹುಡುಗನ ಹೆಸರು ಮಹೇಶ, ಹೊಗೆಸೊಪ್ಪು ಬೆಳೆಯುವ ಮನೆ. ಮನೆ ಹಿಂದೆ ಹೊಲ, ಹೊಲದಾಚೆ ಆನೆ ಕಂದಕ, ಕಂದಕದಾಚೆ ನಾಗರಹೊಳೆ ಕಾಡು. ನಾಲೆ ನೀರು ಕುಡಿದು ಬೆಳೆದ ನಮ್ಮ ಜನಕ್ಕೆ ಮಳೆ ನಂಬಿದ ಖುಷ್ಕಿ ಊರುಗಳೆಂದರೆ ಮೊದಲಿನಿಂದ ಸ್ವಲ್ಪ ಅಸಡ್ಡೆ. ನಮ್ಮ ಸೋದರತ್ತೆಯಂತೂ ಬಾಯಿಬಿಟ್ಟೇ ಕೇಳಿದಳು: "ಒಬ್ಳೇ ಮಗ್ಳ ಆನೆ ಬಾಯ್ಗೆ ಕೊಡ್ತೀಯೇನ್ಲಾ?" ಹುಡುಗನನ್ನು ಮಗಳು ಒಪ್ಪಿದ್ದಳು, ಅಣ್ಣನಿಗೆ ಅಷ್ಟು ಸಾಕಾಗಿತ್ತು.

ಅಣ್ಣನಿಗೆ ಚಿಂತೆ ಹತ್ತಿದ್ದು ಮಾತುಕತೆಯ ದಿನ. ಹುಡುಗನ ತಂದೆ ಪುಟ್ಟೇಗೌಡರು ಒಂದೇ ಮಾತಿನ ಮನುಷ್ಯ. "ನಮ್ಗೇನೂ ಬ್ಯಾಡ ಕಣ್ರೀ ಬೀಗ್ರೇ. ಎಣ್ಣು ಕಳ್ಸಿ, ಸಾಕು" ಎಂದು ಎಲೆಅಡಿಕೆ ಹಾಕಿಕೊಂಡು ಎದ್ದುಬಿಟ್ಟರು. ಬೇರೆಯವರಾಗಿದ್ದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ನಮ್ಮಣ್ಣ ಮುಖ ಸಣ್ಣದು ಮಾಡಿಕೊಂಡ.

"ಏನೂ ಬ್ಯಾಡ ಅಂದ್ಬುಟ್ರೆ ಎಂಗ್ಲಾ? ಬರಿಗೈಲಿ ಕಳ್ಸುದಂಗಾಯ್ತದಲ್ಲ" ಅಂದ.

"ಅವರೇ ಬ್ಯಾಡ ಅಂದ್ಮೇಲೆ ಬುಡಣ್ಣ" ಅಂದೆ.

"ನಿಂಗೊತ್ತಾಗಲ್ಲ, ಸುಮ್ಕಿರು. ನಿಂಗೆ ಎಣ್ಮಕ್ಳಿಲ್ಲ."

ಅದು ನಿಜ.

ಅಣ್ಣ ಕೊನೆಗೆ ಒಂದು ದಾರಿ ಹುಡುಕಿದ. ಅವನ ಮನೆ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಏಲಕ್ಕಿ ಬಾಳೆಯ ಒಂದು ಮೆಳೆಯಿದೆ. ಕಾವ್ಯ ಹುಟ್ಟಿದ ವರ್ಷ ಅತ್ತಿಗೆ ನೆಟ್ಟದ್ದು. ಬಾಣಂತಿ ನೀರಿನಿಂದ ಹಿಡಿದು ಆ ಹುಡುಗಿ ಮಿಂದ ನೀರೆಲ್ಲ ಆ ಬಾಳೆಯ ಬುಡಕ್ಕೇ ಹೋಗಿದೆ. ಕಂದಿನ ಕಂದು, ಅದರ ಕಂದು ಎಂದು ಮೆಳೆ ಇವತ್ತಿಗೂ ಹಬ್ಬುತ್ತಲೇ ಇದೆ. ಅದರಲ್ಲಿ ಒಂದು ಗೊನೆಯನ್ನು ಯಾರೂ ಮುಟ್ಟದ ಹಾಗೆ ಕಾದು, ಸರಿಯಾಗಿ ಮದುವೆಗೆ ಹಣ್ಣಾಗುವಂತೆ ಹೊಗೆ ಹಾಕಿದ. ಆಮೇಲೆ ನನ್ನನ್ನು ಕರೆದು ಹೇಳಿದ:

"ಕಾರ್ಗೆ ಬಾಡ್ಗೆ ಹೂವ ಬ್ಯಾಡ. ನಮ್ ಕಬ್ಬು, ನಮ್ ಬಾಳೆಕಂದು ಕಟ್ಟು. ಈ ಗೊನೆ ಮ್ಯಾಲಿರ್ಲಿ, ನಮ್ ಭೂಮಿ ಎಂಥದು ಅಂತ ಅವ್ರೂರ್ನೋರು ನೋಡ್ಲಿ. ಗೊನೆ ಅವ್ರ ಒಸ್ಲಲ್ಲೇ ಇಳೀಬೇಕು. ದಾರೀಲಿ ಯಾರ್ ಕೇಳುದ್ರೂ ಒಂದ್ ಹಣ್ ಕಿತ್ ಕೊಡಕೂಡ್ದು. ನಂಗೆ ಮಾತ್ ಕೊಡು."

ಮಾತು ಕೊಟ್ಟೆ. ಹೊರಡುವ ಹೆಣ್ಣಿನ ಜೊತೆ ಅಪ್ಪ ಅಮ್ಮ ಹೋಗುವ ರೂಢಿ ನಮ್ಮಲ್ಲಿಲ್ಲ. ಕಾರು ನನ್ನದು, ಓಡಿಸುವವನು ನಾನು, ಪಕ್ಕದಲ್ಲಿ ನನ್ನ ಹೆಂಡತಿ, ಹಿಂದೆ ಮದುಮಕ್ಕಳು. ಆ ಗೊನೆಯನ್ನು ತಲುಪಿಸುವವನೂ ನಾನೇ ಎಂದಾಯಿತು.

ಮದುವೆ ಶ್ರಾವಣದಲ್ಲಿ, ಕೆ.ಆರ್. ನಗರದ ಛತ್ರದಲ್ಲಿ ನಡೆಯಿತು. ಕಾರು ಕಟ್ಟುವುದಕ್ಕೆ ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಮುಂದಿನ ಬಂಪರಿಗೆ ಎರಡು ಕಡೆ ಬಾಳೆಕಂದು. ಕಬ್ಬಿನ ಜಲ್ಲೆಗಳನ್ನು ಸೋಗೆ ಸಮೇತ ಬಗ್ಗಿಸಿ ಕಾರಿನ ಮೇಲೆ ಕಮಾನು. ಗೊನೆಯನ್ನು ಬಾನೆಟ್ಟಿನ ಮೇಲೆ ಕಟ್ಟಬೇಕು ಎಂದು ಅಣ್ಣ ಹಟ ಹಿಡಿದ, ರಸ್ತೆ ಕಾಣುವುದಿಲ್ಲ ಎಂದು ನಾನು ಹಟ ಹಿಡಿದೆ. ಕೊನೆಗೆ ಅದು ಮೇಲಿನ ಕ್ಯಾರಿಯರಿನಲ್ಲಿ, ಕಬ್ಬಿನ ಕಮಾನಿನ ಕೆಳಗೆ, ಉತ್ಸವಮೂರ್ತಿಯಂತೆ ಕೂತಿತು. ಹತ್ತು ಮಾರು ದೂರಕ್ಕೆ ಹಣ್ಣಿನ ಘಮ. ಛತ್ರದ ಮುಂದೆ ಜನ ಕಾರಿನ ಜೊತೆ ಫೋಟೋ ತೆಗೆಸಿಕೊಂಡರು. ನನ್ನ ಎದೆ ಉಬ್ಬಿತ್ತು ಎಂದು ಹೇಳಲು ನಾಚಿಕೆಯಿಲ್ಲ.

ಈ ಫೋಟೋದ ಗಲಾಟೆಯಲ್ಲಿ ಹೊರಡುವುದು ತಡವಾಯಿತು. ಗಂಡಿನ ತಾಯಿ, ಇನ್ನೂ ಕೆಲವು ಹೆಂಗಸರು ಮನೆ ತುಂಬಿಸಿಕೊಳ್ಳುವ ಏರ್ಪಾಡಿಗೆ ಧಾರೆ ಮುಗಿದ ಕೂಡಲೇ ಹೋಗಿದ್ದರು. ಉಳಿದವರನ್ನು ಪುಟ್ಟೇಗೌಡರು ಛತ್ರದ ಹಿಂದೆ ನಿಂತಿದ್ದ ಟೆಂಪೋಗೆ ತುಂಬಿಕೊಂಡು, "ಬೇಗ ಬಂದ್ಬುಡಿ, ಕತ್ಲಾಗೋದ್ರೊಳ್ಗೆ ಊರು ಸೇರ್ಬೇಕು" ಎಂದು ಹೇಳಿಕಳಿಸಿ ಮುಂದೆ ಹೊರಟುಬಿಟ್ಟರು. ನಾನಿನ್ನೂ ಸಡಿಲಾದ ಕಂದಿಗೆ ಹಗ್ಗ ಬಿಗಿಯುತ್ತಿದ್ದೆ. ಕಾರನ್ನು ಅವರು ನೋಡಿರಲೇ ಇಲ್ಲ.

ನೋಡಿದ್ದು ಹುಣಸೂರು ದಾಟಿದ ಮೇಲೆ. ಕಾಡಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಟೀ ಹೋಟೆಲಿನ ಮುಂದೆ ಟೆಂಪೋ ನಿಲ್ಲಿಸಿ ನಮಗಾಗಿ ಕಾಯುತ್ತಿದ್ದರು. ಸುತ್ತ ಹೊಗೆಸೊಪ್ಪಿನ ಹೊಲ, ನಡುನಡುವೆ ಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಮನೆಗಳು. ಬಿಸಿಲು ಇಳಿಯುತ್ತಿತ್ತು. ನಾನು ಮೆರವಣಿಗೆಯ ಗತ್ತಿನಲ್ಲಿ ಕಾರು ತಂದು ನಿಲ್ಲಿಸಿದೆ, ಯಾರಾದರೂ ಹೊಗಳಲಿ ಎಂದು. ಪುಟ್ಟೇಗೌಡರ ಕೈಯ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಮೇಷ್ಟ್ರೇ, ಏನಿದು?"

"ನಮ್ಮ ಭೂಮಿ ಬೆಳೆ ಬೀಗ್ರೇ. ಅಣ್ಣನ ಆಸೆ."

"ಆನೆಗೆ ಊಟ ತಂದಿದ್ದೀರಲ್ಲ, ಮೇಷ್ಟ್ರೇ!" ಅಂದರು. ನಗಲಿಲ್ಲ. "ಕಬ್ಬು, ಬಾಳೆ, ಮಾಗಿದ ಹಣ್ಣು! ಈ ಒತ್ನಲ್ಲಿ ಕಂದಕ ದಾಟಿ ರಸ್ತೇಲೇ ನಿಂತಿರ್ತವೆ. ಬಿಚ್ಚಿ. ಎಲ್ಲಾನೂ ಬಿಚ್ಚಿ."

ನಾನು ಮಿರ್ಲೆಯವನು. ಆನೆಯನ್ನು ದಸರಾದಲ್ಲಿ, ಬಣ್ಣ ಬಳಿದದ್ದನ್ನು ಮಾತ್ರ ನೋಡಿದವನು. ಮುದುಕರು ಹೆಚ್ಚು ಹೇಳುತ್ತಿದ್ದಾರೆ ಎನ್ನಿಸಿತು. ಕಬ್ಬು, ಕಂದು ಬಿಚ್ಚೋಣ, ಗೊನೆಯನ್ನು ಗೋಣಿಚೀಲ ಸುತ್ತಿ ಡಿಕ್ಕಿಯಲ್ಲಿಡೋಣ ಎಂದೆ.

"ಡಿಕ್ಕೀಲಿದ್ರೆ ವಾಸ್ನೆ ಸುಮ್ಕಿದ್ದಾದಾ? ಓದ್ವರ್ಸ ನಮ್ ಪಕ್ಕದ್ಮನೆ ಗೋಡೆ ಕೆಡವಿ, ಒಳ್ಗಿದ್ದ ಹಲಸಿನಣ್ಣ ತಕ್ಕೊಂಡೋಯ್ತು. ಗೋಡೇನೇ ಬುಡದು, ನಿಮ್ ಡಿಕ್ಕಿ ಯಾವ್ ಲೆಕ್ಕ? ಒಳ್ಗೆ ನನ್ ಸೊಸೆ ಕೂತವ್ಳೆ, ಮೇಷ್ಟ್ರೇ."

ಆದರೂ ಬಿಚ್ಚಲು ಕೈ ಏಳಲಿಲ್ಲ. ಒಂದು ಹಣ್ಣೂ ಕಿತ್ತು ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆ ಗೊನೆಯನ್ನು ರಸ್ತೆ ಬದಿಯಲ್ಲಿ ಬಿಟ್ಟುಹೋದರೆ ಅಣ್ಣ ಮಗಳನ್ನು ನಿಜಕ್ಕೂ ಬರಿಗೈಯಲ್ಲಿ ಕಳಿಸಿದಂತಾಗುತ್ತಿತ್ತು. ಅವನಿಗೆ ಏನೆಂದು ಹೇಳುವುದು? ಮಹೇಶ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ, ಹೊಸ ಅಳಿಯ ಮಾಡಬೇಕಾದದ್ದನ್ನೇ ಮಾಡಿದ. ಪೇಟ ಸರಿಮಾಡಿಕೊಂಡ.

ಕಾವ್ಯ ಬಾಗಿಲು ತೆಗೆದು ಕೆಳಗಿಳಿದಳು. ಮದುಮಗಳು ದಾರಿಯಲ್ಲಿ ಇಳಿಯಬಾರದು ಎಂದು ನನ್ನ ಹೆಂಡತಿ ಸೆರಗು ಹಿಡಿದಳು, ಕಾವ್ಯ ಬಿಡಿಸಿಕೊಂಡಳು. ಮೂಗು ಕೆಂಪಾಗಿತ್ತು. ಛತ್ರದಿಂದ ಹೊರಟಾಗಿನಿಂದ ಅಳುತ್ತಲೇ ಇದ್ದಳು.

"ಚಿಕ್ಕಪ್ಪ, ಗೊನೆ ಇಳ್ಸಿ" ಅಂದಳು.

"ನಿಮ್ಮಪ್ಪಂಗೆ ಮಾತ್ ಕೊಟ್ಟಿದೀನಿ ಕಣವ್ವ. ಅವ್ರ ಒಸ್ಲಲ್ಲೇ ಇಳೀಬೇಕು ಅಂದವ್ನೆ."

"ಒಸ್ಲು ತಿಂದಾದಾ ಹಣ್ಣ? ಅವ್ರ ಕಡೆ ಜನ ಇಲ್ಲೇ ಅವ್ರೆ. ಇಲ್ಲೇ ತಿನ್ಲಿ."

ನಾನೂ ಮಹೇಶನೂ ಸೇರಿ ಗೊನೆ ಇಳಿಸಿದೆವು. ಟೀ ಹೋಟೆಲಿನ ಬೆಂಚಿನ ಮೇಲೆ ನನ್ನ ಹೆಗಲ ಟವೆಲ್ಲು ಹಾಸಿ ಅದರ ಮೇಲಿಟ್ಟೆವು. ಕಾವ್ಯ ಮೇಲಿನ ಚಿಪ್ಪಿನಿಂದ ಒಂದು ಹಣ್ಣು ಕಿತ್ತು, ಎರಡೂ ಕೈಯಲ್ಲಿ ಹಿಡಿದು, "ತಕೊಳ್ಳಿ ಮಾವ" ಎಂದು ಪುಟ್ಟೇಗೌಡರ ಮುಂದೆ ಚಾಚಿದಳು. ಅವರು ಟೀ ಲೋಟ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ತೆಗೆದುಕೊಂಡರು. ಆಮೇಲೆ ಟೆಂಪೋದಲ್ಲಿದ್ದವರೆಲ್ಲ ಇಳಿದರು. ರೇಷ್ಮೆ ಸೀರೆಯ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಣ್ಣು ಸುಲಿದರು, ಗಂಡಸರು ಮೊಣಕಾಲಿಗೆ ಕೊಟ್ಟು ಕಬ್ಬು ಮುರಿದರು. ಟೀ ಅಂಗಡಿಯವನಿಗೂ ಒಂದು ಚಿಪ್ಪು. ಸೋಗೆ, ಸಿಪ್ಪೆ, ನಾನು ಬೆಳಿಗ್ಗೆಯೆಲ್ಲ ಬಿಗಿದು ನಿಲ್ಲಿಸಿದ್ದ ಬಾಳೆಕಂದು, ಎಲ್ಲವೂ ಅವನ ಹಸುಗಳಿಗಾಯಿತು. ನನಗೆ ತಾತನ ಎತ್ತು ನೆನಪಾಯಿತು.

ಅಷ್ಟರಲ್ಲಿ ಅಣ್ಣನ ಫೋನು ಬಂತು. ನಾನು ಹೇಡಿಯಂತೆ ಅದನ್ನು ಕಾವ್ಯಳ ಕೈಗೆ ಕೊಟ್ಟೆ. ಅವಳು ಸ್ಪೀಕರ್ ಹಾಕಿದಳು.

"ಅಪ್ಪ, ಗೊನೆ ಉಣ್ಸೂರ್ತಾವೇ ಇಳ್ಸುದ್ವಿ. ಎಲ್ಲಾರೂ ತಿಂತಾವ್ರೆ."

ಪುಟ್ಟೇಗೌಡರು ಫೋನಿನ ಹತ್ತಿರ ಬಾಗಿದರು.

"ಬೀಗ್ರೇ, ಬೇಜಾರ್ ಮಾಡ್ಕಬ್ಯಾಡಿ. ನಮ್ ಕಡೆ ಆನೆ ಕಾಟ. ಈ ಗೊನೆ ಇಟ್ಕೊಂಡು ಬಂದಿದ್ರೆ ನಿಮ್ ಮಗ್ಳು ನಮ್ ಬಾಗ್ಲು ಸೇರೋದೇ ಅನುಮಾನವಾಗಿತ್ತು."

ನಾನು ನೆಲ ನೋಡುತ್ತಿದ್ದೆ. ಆಮೇಲೆ ಅಣ್ಣನ ದನಿ ಬಂತು, ಸಣ್ಣಗೆ: "ಸೀ ಇತ್ತಾ ಹಣ್ಣು?"

"ಸೀ ಅಂದ್ರೆ ಸೀ! ನಾಕ್ನೇದ್ ಸುಲೀತಾವ್ನಿ" ಅಂದರು ಪುಟ್ಟೇಗೌಡರು.

"ಅಂಗಾರೆ ಸರಿ" ಅಂದ ಅಣ್ಣ. ನಾನು ಬಾಳೆಹಣ್ಣಿನ ನೆಪದಲ್ಲಿ ಕೆಮ್ಮಿದೆ.

ಇನ್ನು ಕಾರು. ಬರೀ ಹಗ್ಗದ ತುಂಡು, ಟೇಪು, ಹಿಂದಿನ ಗಾಜಿನ ಮೇಲೆ ಇಬ್ಬರ ಹೆಸರು. ಪುಕ್ಕ ತರಿದ ಕೋಳಿಯ ಹಾಗೆ ನಿಂತಿತ್ತು. ನನ್ನ ಮುಖವೂ ಹಾಗೇ ಇತ್ತೋ ಏನೋ, ಪುಟ್ಟೇಗೌಡರು ನನ್ನ ಬೆನ್ನು ತಟ್ಟಿ, "ಬನ್ನಿ ಮೇಷ್ಟ್ರೇ" ಎಂದು ರಸ್ತೆ ಪಕ್ಕದ ಹೊಲಕ್ಕೆ ಕರೆದುಕೊಂಡು ಹೋದರು. ಎಲೆ ದಪ್ಪ ಬರಲಿ ಎಂದು ಹೊಗೆಸೊಪ್ಪಿನ ಗಿಡದ ಹೂವಿನ ಕುಡಿಯನ್ನು ಮುರಿದು ಬಿಸಾಕುತ್ತಾರೆ. ಆವತ್ತೇ ಮುರಿದದ್ದು ಬದುವಿನ ಮೇಲೆ ರಾಶಿ ಬಿದ್ದಿತ್ತು. ತಿಳಿ ಗುಲಾಬಿ ಬಣ್ಣ, ಉದ್ದ ಕೊಳವೆಯ ಹೂವು, ಗೊಂಚಲು ಗೊಂಚಲು. ಇಷ್ಟು ವರ್ಷ ಹುಣಸೂರಿನ ಕಡೆ ಓಡಾಡಿದ್ದರೂ, ಚಿತ್ರ ಬರೆಯುವವನಾಗಿದ್ದರೂ, ಹೊಗೆಸೊಪ್ಪಿಗೆ ಹೂವಿದೆ ಎಂದು ನಾನು ಗಮನಿಸಿರಲಿಲ್ಲ.

"ಇದ್ನ ಕಟ್ಟಿ. ಆನೆ ಮೂಸೂ ನೋಡಲ್ಲ" ಅಂದರು.

ಕಟ್ಟಿದೆ. ಮಹೇಶ ಪೇಟ ತೆಗೆದಿಟ್ಟು ತೊಟ್ಟು ಜೋಡಿಸಿಕೊಟ್ಟ. ಬ್ಯಾರನ್ನಿಗೆ ಸೊಪ್ಪು ಕಟ್ಟಿ ಪಳಗಿದ ಅವನ ಕೈಗೆ ಆ ಕೆಲಸ ಹೊಸತಾಗಿರಲಿಲ್ಲ. ಹೊಗೆಸೊಪ್ಪಿನ ಗಿಡದ ತುಂಬ ಅಂಟು. ಕೈಗೆ ಹತ್ತಿದ್ದು ಕಪ್ಪಾಗಿ ಎರಡು ದಿನ ಹೋಗಲಿಲ್ಲ, ಕಾರಿಗೆ ಹತ್ತಿದ್ದನ್ನು ಮಾರನೆಯ ದಿನವೇ ತಿಕ್ಕಿ ತೆಗೆದೆ. ನಾನು ಕಟ್ಟಿದ ಅಷ್ಟೂ ಕಾರುಗಳಲ್ಲಿ ಇಷ್ಟು ಅವಸರದಲ್ಲಿ ಕಟ್ಟಿದ್ದು ಬೇರೆ ಇಲ್ಲ, ಇಷ್ಟು ಚಂದ ಬಂದದ್ದೂ ಬೇರೆ ಇಲ್ಲ.

ದಾರಿಯಲ್ಲಿ ಆನೆ ಸಿಕ್ಕಿತಾ ಎಂದು ನೀವು ಕೇಳುತ್ತೀರಿ. ಇಲ್ಲ. ಊರು ಇನ್ನೇನು ಬಂತು ಎನ್ನುವಾಗ ಮುಂದಿನ ಟೆಂಪೋ ನಿಂತಿತು. ರಸ್ತೆಯ ನಡುವೆ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಪಕ್ಕದ ಬೇಲಿ ಮಲಗಿತ್ತು. ಪುಟ್ಟೇಗೌಡರು ಕಿಟಕಿಯಿಂದ ಕೈ ಚಾಚಿ ಅದನ್ನು ನನಗೆ ತೋರಿಸಿದರು. ಟೆಂಪೋ ಲದ್ದಿಯನ್ನು ತಪ್ಪಿಸಿ ಹೋಯಿತು, ನಾನೂ ತಪ್ಪಿಸಿ ಹೋದೆ. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು. ಬಲೂನಿನ ದಿನದ ಹಾಗೆ ಧೈರ್ಯವಂತನಂತೆ ಕೂರಲು ಈ ಸಲ ಆಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಕಾವ್ಯಳ ಅತ್ತೆ ಆರತಿ ತಟ್ಟೆ ಹಿಡಿದು ಬಂದವರು ಮೊದಲು ಕಾರಿನ ಮುಂದೆ ನಿಂತರು. "ಅಯ್ಯೋ, ನಾವು ಮುರ್ದು ಬಿಸಾಕೋ ಹೂವ! ಇಷ್ಟ್ ಚಂದಾಗಿ ಕಂಡಾದು ಅಂತ ಗೊತ್ತೇ ಇರ್ನಿಲ್ಲ" ಎಂದು ನಕ್ಕು, ಸೊಸೆಗೆ ಆರತಿ ಎತ್ತಿದರು.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಅಣ್ಣ ಮುಗಿಸಲಿಲ್ಲ. ಮರುವರ್ಷ ಕಾವ್ಯಳ ಸೀಮಂತಕ್ಕೆ ನನ್ನ ಕಾರಿನಲ್ಲೇ ಹೊರಟ. ಬೆಳಕು ಹರಿಯುವ ಮೊದಲೇ ಎಬ್ಬಿಸಿದ. ಡಿಕ್ಕಿಯಲ್ಲಿ ಹಸಿ ಗೋಣಿ ಸುತ್ತಿದ ಒಂದು ಗೊನೆ, ಅದೇ ಮೆಳೆಯದು. ನಡು ಮಧ್ಯಾಹ್ನಕ್ಕಿಂತ ಮೊದಲೇ ಆ ಮನೆಯ ಹೊಸಿಲಲ್ಲಿ ಅದನ್ನು ತನ್ನ ಕೈಯಾರೆ ಇಳಿಸಿದ. ಪುಟ್ಟೇಗೌಡರು ಊರಿನ ಮನೆಮನೆಗೂ ಹಂಚಿಸಿ, ಸಂಜೆಯೊಳಗೆ ಸಿಪ್ಪೆ ಕೂಡ ಉಳಿಯದಂತೆ ನೋಡಿಕೊಂಡರು.

ಊಟವಾದ ಮೇಲೆ ಅಣ್ಣ ಬೀಗರ ಹೊಲ ನೋಡಲು ಹೋದ. ಬರುವಾಗ ಅವನ ತೋಳಿನ ತುಂಬ ಹೊಗೆಸೊಪ್ಪಿನ ಹೂವು. ಬಿಳಿ ಅಂಗಿಗೆಲ್ಲ ಅಂಟು ಮಾಡಿಕೊಂಡಿದ್ದ. ತಂದು ನನ್ನ ಕಾರಿನ ಬಾನೆಟ್ಟಿನ ಮೇಲಿಟ್ಟ.

"ಕಟ್ಟು ಕಣ್ಲಾ" ಅಂದ.

"ಈಗ್ಯಾಕಣ್ಣ? ಮದ್ವೆಯಾ ಏನು? ಬರೀ ನಾವ್ನಾವೇ ಹೋಗೋದು."

"ಕಟ್ಟು ಅಂದ್ನಲ್ಲ. ನನ್ ಮಗ್ಳ ಮನೆ ಬೆಳೆ ಎಂಥದು ಅಂತ ಮಿರ್ಲೆಯೋರು ನೋಡ್ಲಿ."

ಕಟ್ಟಿದೆ. ಈ ಕಲೆ ಆವತ್ತಿನದು.